ಹನ್ನೊಂದು ಸ್ವರದ ಹಕ್ಕುದಾರರು

ನಾನು ಮಾಡಿದ ಸಂಗೀತದಲ್ಲಿ ಎಲ್ಲಕ್ಕಿಂತ ಹೆಚ್ಚು ಜನ ಕೇಳಿರುವುದು ಒಂದು ಬ್ಯಾಂಕಿನ ಫೋನಿನದು. ಕರೆ ಮಾಡಿದಾಗ ‘ದಯವಿಟ್ಟು ಕಾಯಿರಿ’ ಎಂದು ಒಂದು ಹೆಣ್ಣು ದನಿ ಹೇಳಿ ಮಾಯವಾಗುತ್ತದಲ್ಲ, ಆಮೇಲೆ ಟಿಣಿಟಿಣಿ ಎಂದು ಶುರುವಾದದ್ದು ಮುಗಿಯುವುದೇ ಇಲ್ಲವಲ್ಲ, ಅದು. ಲಕ್ಷಾಂತರ ಜನ ಅದನ್ನು ಕೇಳುತ್ತಾ ಹಲ್ಲು ಕಡಿದಿದ್ದಾರೆ. ನಮ್ಮ ಮನೆಯವರೂ ಒಮ್ಮೆ ನಲವತ್ತು ನಿಮಿಷ ಕೇಳಿ, ಫೋನ್ ಕೆಳಗಿಟ್ಟು, ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಬಟ್ಟೆ ಒಣಹಾಕಲು ಹೋದರು.

ಮೂವತ್ತೊಂದು ವರ್ಷದಿಂದ ಕೀಬೋರ್ಡ್ ನುಡಿಸಿಯೇ ಹೊಟ್ಟೆ ಹೊರೆದುಕೊಂಡವಳು ನಾನು. ಮದುವೆ ಬ್ಯಾಂಡು, ಹೋಟೆಲಿನ ಮುಂಗೋಣೆ, ಶಾಲೆಯ ವಾರ್ಷಿಕೋತ್ಸವ, ವಯಸ್ಸಾದವರ ವ್ಯಾಯಾಮದ ಕ್ಲಾಸು, ಸಾಬೂನಿನ ಜಾಹೀರಾತು. ಕರೆದವರಿಗೆ ಇಲ್ಲ ಎಂದದ್ದು ನೆನಪಿಲ್ಲ. ಒಂದು ಚುನಾವಣೆಯಲ್ಲಿ ಎದುರಾಳಿಗಳಿಬ್ಬರಿಗೂ ನಾನೇ ಪ್ರಚಾರದ ಹಾಡು ಬರೆದುಕೊಟ್ಟೆ. ಇಬ್ಬರೂ ಸೋತರು, ಹಾಡೇ ಇಲ್ಲದ ಮೂರನೆಯವನು ಗೆದ್ದ. ಯಾವ ಕೀಬೋರ್ಡಿನವರಾದರೂ ಕೊನೇ ಗಳಿಗೆಯಲ್ಲಿ ಕೈಕೊಟ್ಟರೆ ಫೋನ್ ಬರುವುದು ನನಗೆ. ಅದಕ್ಕೇ ಈ ಕಸುಬಿನಲ್ಲಿ ಎಲ್ಲರೂ ನನ್ನನ್ನು ಭರ್ತಿ ಅಕ್ಕ ಎನ್ನುತ್ತಾರೆ, ಖಾಲಿ ಕುರ್ಚಿ ತುಂಬುವವಳು ಎಂದು. ಬೆನ್ನ ಹಿಂದೆ ಅಲ್ಲ, ಎದುರಿಗೇ ಕರೆಯುತ್ತಾರೆ. ನಾನೂ ಓಗೊಡುತ್ತೇನೆ.

ಕೈ ಎರಡೂ ನನ್ನವೇ, ಒಳಗಿನ ಸರಕು ಮಾತ್ರ ಕಂಡಕಂಡವರದು. ಎಡಗೈ ಚಿಕ್ಕಮ್ಮ ಕೊಟ್ಟದ್ದು, ಒಂಬತ್ತನೇ ವಯಸ್ಸಿನಲ್ಲಿ, ಮಣಿಕಟ್ಟು ಬಗ್ಗಿದಾಗಲೆಲ್ಲ ಪೆನ್ಸಿಲಿನಿಂದ ತಟ್ಟಿ ತಟ್ಟಿ. ಬಲಗೈಯ ಕೊನೆಯ ಎರಡು ಬೆರಳು ಹೋಟೆಲಿನ ಹಳೇ ಪಿಯಾನೊದವರದು. ಯಾರಾದರೂ ಅತಿಥಿ ಕುರ್ಚಿಯಿಂದ ಎದ್ದರೆ ಸಾಕು, ಅವರು ನುಡಿಸುತ್ತಿದ್ದುದರ ತುದಿಗೆ ಒಂದು ಸಣ್ಣ ಕುಚ್ಚು ಕಟ್ಟಿ ಬೀಳ್ಕೊಡುತ್ತಿದ್ದರು. ಲಯ ಕಲಿತದ್ದು ಮದುವೆ ಬ್ಯಾಂಡಿನ ಡ್ರಮ್ಮಿನವನಿಂದ. ಅವನು ಲೆಕ್ಕ ತಪ್ಪಿದರೂ ಇಡೀ ಬ್ಯಾಂಡೇ ತಪ್ಪಿದೆ ಎಂದು ನಂಬಿಸುವಷ್ಟು ಧೈರ್ಯದಿಂದ ಬಾರಿಸುತ್ತಿದ್ದ. ಇಂಥವರ ಹಾಗೆ ನುಡಿಸು ಎಂದರೆ ಇಂಥವರ ಹಾಗೆಯೇ ನುಡಿಸಬಲ್ಲೆ. ನಿನ್ನ ಹಾಗೆ ನುಡಿಸು ಎಂದು ಯಾರೂ ಕೇಳಿರಲಿಲ್ಲ. ಕೇಳಿದ್ದರೆ ಪೇಚಾಟವಾಗುತ್ತಿತ್ತು.

ಇಷ್ಟರ ನಡುವೆ ನನ್ನ ಪಾಡಿಗೆ ನಾನು ಹಾಡುಗಳನ್ನೂ ಬರೆಯುತ್ತಿದ್ದೆ. ಅವು ಬೇರೆಯವರ ಹೆಸರಿನಲ್ಲೋ, ಹೆಸರೇ ಇಲ್ಲದೆಯೋ ಎಲ್ಲೆಲ್ಲಿಗೋ ಹೋಗುತ್ತಿದ್ದವು. ಈ ವರ್ಷ ಮಾತ್ರ ಒಂದು ಹಾಡು ದಾರಿ ತಪ್ಪಿ ಒಳ್ಳೆಯ ಕಡೆಗೆ ಹೋಯಿತು.

ಎಲ್ಲರೂ ‘ಅಮ್ಮ’ ಎಂದೇ ಕರೆಯುವ ಒಬ್ಬ ಗಾಯಕಿ ಇದ್ದಾರೆ. ಹಳೇ ರೇಡಿಯೊ ಇರುವ ಮನೆಯಲ್ಲೆಲ್ಲ ಅವರ ದನಿ ಇದೆ. ಶ್ವಾಸಕೋಶದ ಕಾಯಿಲೆಯಾಗಿ ಒಂದು ವರ್ಷ ಹಾಡಿರಲಿಲ್ಲ. ಈಗ ಮತ್ತೆ ಹಾಡುತ್ತಾರೆ ಎಂದು ಸುದ್ದಿಯಾದದ್ದೇ ತಡ, ಹಾಡು ಬರೆಯುವವರೆಲ್ಲ ಅವರಿಗೆ ಹಾಡು ಕಳಿಸಿದರು. ಅವುಗಳನ್ನು ಮಾದರಿಗೆ ನುಡಿಸಿ ರೆಕಾರ್ಡ್ ಮಾಡುವ ಕೆಲಸಕ್ಕೆ, ಅವರ ಹಾಡುಗಳಿಗೆ ವಾದ್ಯ ಹೊಂದಿಸುವ ಅರೇಂಜರ್ ನನ್ನನ್ನು ಕರೆದಿದ್ದ. ನಲವತ್ತರ ಆಸುಪಾಸಿನವನು, ಸ್ನಾನಕ್ಕೆ ಹೋಗುವಾಗಲೂ ಟೋಪಿ ತೆಗೆಯುವುದಿಲ್ಲವೇನೋ ಎನ್ನುವಂಥವನು. ಹದಿಮೂರು ಹಾಡು ನುಡಿಸಿದ ಮೇಲೆ ಇನ್ನೂ ಹತ್ತು ನಿಮಿಷ ಉಳಿದಿತ್ತು. ನಂದೂ ಒಂದಿದೆ ಹಾಕ್ಲಾ ಎಂದೆ. ಹಾಕಿ ಅಕ್ಕ, ಏನಂತೆ ಎಂದ. ಅಮ್ಮ ಹದಿನಾಲ್ಕನ್ನೂ ಕೇಳಿ ಆ ಹದಿನಾಲ್ಕನೆಯದನ್ನೇ ಆರಿಸಿದರು.

ಹಾಡಿನ ಮಾತು ದೊಡ್ಡ ಕಾವ್ಯವೇನಲ್ಲ. ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುವ ನಮ್ಮ ಮನೆಯವರಿಗೆ ಬಾಗಿಲಿಗೆ ಬೀಗ ಹಾಕಿ ಮೂರು ಸಲ ಎಳೆದು ನೋಡುವ ಚಟ. ನಾನು ಆ ಹೊತ್ತಿನಲ್ಲೆಲ್ಲ ಮೆಟ್ಟಿಲ ಮೇಲೆ ನಿಂತಿರಬೇಕು. ‘ಬಾಗಿಲು ಹಾಕಿ ಬಾ, ನಾನಿರುವೆ’ ಎಂದು ಶುರು. ಆರು ಸ್ವರ ಮೇಲೇರುತ್ತವೆ, ಏಳನೆಯದು ಒಂದು ಮೆಟ್ಟಿಲು ಹಿಂದಕ್ಕೆ ಬಂದು ನಿಲ್ಲುತ್ತದೆ, ಆಮೇಲೆ ನಾಲ್ಕು ಕೆಳಗಿಳಿಯುತ್ತವೆ. ಒಟ್ಟು ಹನ್ನೊಂದು. ಹಾಡಿನ ಜೀವವೆಲ್ಲ ಆ ಸಾಲಿನಲ್ಲಿದೆ, ಉಳಿದದ್ದು ಅದರ ನೆಂಟರಿಷ್ಟರು.

ಶುಕ್ರವಾರ ಬೆಳಿಗ್ಗೆ ರೆಕಾರ್ಡಿಂಗ್ ಎಂದು ಗೊತ್ತಾಯಿತು. ಹಾಡು ಹೊರತರುವ ಕಂಪನಿಯವರು ಒಂದು ಕಾಗದ ಕಳಿಸಿದರು. ‘ಈ ಹಾಡಿನ ಸಂಗೀತ ಸಂಪೂರ್ಣವಾಗಿ ನನ್ನ ಸ್ವಂತ ರಚನೆ’ ಎಂದು ಅಚ್ಚಾಗಿತ್ತು. ಕೆಳಗೆ ಹೆಸರಿಗೆ ಒಂದು ಗೆರೆ, ಸಹಿಗೆ ಒಂದು ಗೆರೆ. ಮೂವತ್ತೊಂದು ವರ್ಷದ ಮೇಲೆ ನನ್ನ ಹೆಸರಿನಲ್ಲಿ ಹೊರಬರುವ ಮೊದಲ ಹಾಡು. ನನಗೆ ಕೋಡು ಮೂಡಿದ್ದು ಸುಳ್ಳಲ್ಲ. ಹೋಗಿ ಬಂದವರಿಗೆಲ್ಲ ಕಾಣಲಿ ಎಂದು ಕಾಗದವನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ಮನೆಗೆ ಹೋಗಿ ಬರುವವರು ನಾವಿಬ್ಬರೇ ಎಂಬುದು ಬೇರೆ ಮಾತು.

ಮಂಗಳವಾರ ಸಂಜೆ ನಮ್ಮ ಮನೆಯವರು ಪಾತ್ರೆ ತೊಳೆಯುತ್ತಾ ನನ್ನ ಹಾಡನ್ನು ಗುನುಗುತ್ತಿದ್ದರು. ನಾನು ಒರೆಸಿ ಒರೆಸಿ ಇಡುತ್ತಿದ್ದೆ.

“ನಿಮ್ ಚಿಕ್ಕಮ್ಮಂಗೆ ಕೇಳಿಸಿದ್ಯಾ ಇದನ್ನ?” ಎಂದರು.

“ಅವರಿಗ್ಯಾಕೆ ಕೇಳಿಸ್ಬೇಕು?”

“ಅಲ್ಲ, ಮೊದಲನೇ ಸಾಲು ಅವರದೇ ಅಲ್ವಾ? ಅವರ ಮೇಲಿನ ಗೌರವಕ್ಕೆ ಬೇಕಂತಲೇ ಇಟ್ಟಿದ್ದೀಯ ಅಂದ್ಕೊಂಡಿದ್ದೆ.”

ಕೈಯಲ್ಲಿದ್ದ ತಟ್ಟೆ ಬೀಳಲಿಲ್ಲ, ಅಷ್ಟು ಪುಣ್ಯ. ಮದುವೆಗೆ ಮುಂಚೆ ಇವರು ನನ್ನನ್ನು ಕರೆದುಕೊಂಡು ಹೋಗಲು ಚಿಕ್ಕಮ್ಮನ ಸಂಗೀತದ ಕ್ಲಾಸಿಗೆ ಬಂದು ಮೆಟ್ಟಿಲ ಮೇಲೆ ಕೂತಿರುತ್ತಿದ್ದರು. ಒಬ್ಬ ವಿದ್ಯಾರ್ಥಿ ಹೋಗಿ ಇನ್ನೊಬ್ಬ ಬರುವ ನಡುವೆ ಚಿಕ್ಕಮ್ಮ ಸುಮ್ಮನೆ ಕೈಯಾಡಿಸುತ್ತಿದ್ದ ತುಣುಕೊಂದಿತ್ತು. ನಿಧಾನವಾಗಿ ಮೇಲೇರಿ ಇಳಿಯುವಂಥದು. ಇವರು ಹೇಳಿದ ಕೂಡಲೇ ನನಗದು ಪೂರ್ತಿ ಕೇಳಿಸಿತು, ಪಿಯಾನೊದ ಪೆಡಲಿನ ಕಿರ್ರ್ ಸದ್ದಿನ ಸಮೇತ.

“ಮೂರು ತಿಂಗಳಿಂದ ಹೇಳೋಕೆ ಏನಾಗಿತ್ತು ನಿಮಗೆ? ಬಾಯಿಗೇನು ಬೀಗ ಹಾಕ್ಕೊಂಡಿದ್ರಾ?”

“ನೀನು ಕೇಳ್ಲಿಲ್ಲವಲ್ಲ” ಎಂದರು, ಬಹಳ ಸಮಾಧಾನವಾಗಿ. ಈ ಸಮಾಧಾನಕ್ಕೆ ಮರುಳಾಗಿಯೇ ನಾನು ಇವರನ್ನು ಮದುವೆಯಾದದ್ದು. ಆವತ್ತು ಅದೇ ಸಮಾಧಾನವನ್ನು ಕಿಟಕಿಯಿಂದಾಚೆ ಎಸೆಯಬೇಕು ಅನ್ನಿಸಿತು.

ಬೇರೆ ಯಾರ ಸಾಲಾಗಿದ್ದರೂ ಇಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಚಿಕ್ಕಮ್ಮ ಅಂದರೆ ಅಪ್ಪನ ತಮ್ಮನ ಹೆಂಡತಿ, ನನ್ನ ಗುರು. ನಾಲ್ಕು ವರ್ಷ ನಾನು ಅವರ ಕ್ಲಾಸಿನಲ್ಲೇ ಸಹಾಯಕಿಯಾಗಿದ್ದೆ, ಅದೇ ಕಟ್ಟಡದ ಮೇಲಿನ ಮಹಡಿಯ ನೃತ್ಯ ಶಾಲೆಗೆ ಪಿಯಾನೊ ನುಡಿಸುತ್ತಿದ್ದೆ. ಮದುವೆ ಬ್ಯಾಂಡಿಗೆ ಸೇರುತ್ತೇನೆ ಎಂದ ದಿನ ಅವರು ತಲೆ ಕೂಡ ಎತ್ತದೆ ಹೇಳಿದ್ದರು: “ಹೋಗು. ಎಲ್ಲರ ಹಾಗೂ ನುಡಿಸ್ತೀಯ. ನಿಂದು ಅಂತ ಏನಿದೆ ನಿನ್ನ ಕೈಯಲ್ಲಿ?” ಇಪ್ಪತ್ತೇಳು ವರ್ಷವಾಯಿತು. ನೆಂಟರ ಮನೆಗಳಲ್ಲಿ ಸಿಕ್ಕಾಗ ಊಟವಾಯಿತೇ, ಮೊಣಕಾಲು ಹೇಗಿದೆ, ಇಷ್ಟೇ ಮಾತು. ಆ ಪ್ರಶ್ನೆಗೆ ಉತ್ತರವಾಗಿ ಫ್ರಿಜ್ಜಿನ ಮೇಲೆ ಕಾಗದ ಅಂಟಿಸಿಕೊಂಡಿದ್ದೆ ನಾನು. ಈಗ ನೋಡಿದರೆ ಉತ್ತರವೂ ಅವರ ಕೈಯಿಂದಲೇ ಎಗರಿಸಿದ್ದು.

ಬುಧವಾರ ಮಧ್ಯಾಹ್ನ ಕಾಗದವನ್ನು ಬ್ಯಾಗಿನಲ್ಲಿಟ್ಟುಕೊಂಡು ಹೋದೆ.

“ಬಾ, ಬದುಕಿದ್ದೀನಾ ಅಂತ ನೋಡೋಕ್ ಬಂದ್ಯಾ?” ಎಂದು ಚಿಕ್ಕಮ್ಮ ಬಾಗಿಲು ತೆಗೆದರು. ಎಂಬತ್ತೊಂದಾದರೂ ಬೆನ್ನು ನೆಟ್ಟಗಿದೆ, ನಾಲಿಗೆ ಅದಕ್ಕಿಂತ ನೆಟ್ಟಗಿದೆ. ಕೋಣೆಯ ಅರ್ಧ ಜಾಗ ಪಿಯಾನೊದ್ದೇ. ಅದರ ಮೇಲೆ ಮಾತ್ರೆಯ ಡಬ್ಬಗಳು, ಬಿಲ್ಲುಗಳ ಕಟ್ಟು, ಎರಡು ಹೂಕುಂಡ. ಪಿಯಾನೊ ಮೇಲೆ ಗಿಡ ಇಡುವವರನ್ನು ಜೈಲಿಗೆ ಹಾಕಬೇಕು ಎಂದು ನನಗೆ ಕಲಿಸಿದವರೇ ಅವರು. ನಾನು ಕುಂಡಗಳನ್ನೇ ನೋಡಿದ್ದನ್ನು ನೋಡಿ, “ಕೆಳಗೆ ತಟ್ಟೆ ಇಟ್ಟಿದ್ದೀನಿ, ಕಣ್ಣು ಕಾಣಲ್ವಾ?” ಎಂದರು.

ಪೀಠಿಕೆ ಹಾಕಲು ಧೈರ್ಯವಾಗಲಿಲ್ಲ. ಕೂತು ಹಾಡನ್ನು ನುಡಿಸಿ, ಬಂದಷ್ಟು ದನಿಯಲ್ಲಿ ಹಾಡಿಯೂ ಬಿಟ್ಟೆ. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು.

“ಇನ್ನೊಂದ್ಸಲ.”

ಇನ್ನೊಂದು ಸಲ ನುಡಿಸಿದೆ.

“ಮಾತು ಯಾರದು?”

“ನಂದೇ.”

“ಚೆನ್ನಾಗಿದೆ” ಎಂದರು.

ಈ ಒಂದು ಮಾತನ್ನು ಅವರ ಬಾಯಿಂದ ಕೇಳಲು ಒಂಬತ್ತನೇ ವಯಸ್ಸಿನಿಂದ ಕಾದಿದ್ದವಳು ನಾನು. ಅದು ಸಿಕ್ಕ ದಿನವೇ ಕಳ್ಳಿಯ ಹಾಗೆ ಕೂತಿದ್ದೆ. “ಚಿಕ್ಕಮ್ಮ, ಮೊದಲನೇ ಸಾಲು ನಿಮ್ಮದು. ಗೊತ್ತಿದ್ದೂ ಮಾಡಿದ್ದಲ್ಲ, ದೇವರಾಣೆ. ಕೈಗೆ ಬಂತು, ನಂದೇ ಅಂದ್ಕೊಂಡೆ” ಎಂದೆ.

“ನಂದ್ಯಾಕಾಗತ್ತೆ? ಅದು ಟ್ಯೂನರ್‌ದು ಕಣೆ.”

“ಯಾವ ಟ್ಯೂನರ್?”

“ಎಷ್ಟು ಜನ ಟ್ಯೂನರ್ ಇದ್ದಾರೆ ಈ ಮನೆಗೆ? ತಂತಿ ಎಲ್ಲ ಬಿಗಿದು ಮುಗಿಸಿದ ಮೇಲೆ ಒಂದ್ಸಲ ಹಾಗೆ ನುಡಿಸಿ ಎದ್ದು ಹೋಗ್ತಿದ್ರು. ಕೇಳಿ ಕೇಳಿ ನನ್ನ ಕೈಗೂ ಬಂತು. ಇರು, ಫೋನ್ ಮಾಡ್ತೀನಿ.”

ನನಗೆ ನೆನಪಾಯಿತು. ಚಿಕ್ಕವರಿದ್ದಾಗ ನಾವೆಲ್ಲ ಅವರನ್ನು ಟ್ಯೂನರ್ ಮಾಮ ಎನ್ನುತ್ತಿದ್ದೆವು. ಪಿಯಾನೊದ ಹೊಟ್ಟೆ ಬಿಚ್ಚಿ ಒಳಗೆ ತಲೆ ಹಾಕಿದರೆ ಅವರ ಬೆನ್ನು ಮಾತ್ರ ಕಾಣುತ್ತಿತ್ತು. ಅರ್ಧ ಗಂಟೆಯಲ್ಲಿ ಬಂದೇಬಿಟ್ಟರು. ಇಸ್ತ್ರಿ ಮಾಡಿದ ಅಂಗಿ, ಆಗಷ್ಟೇ ಕ್ಷೌರ ಮಾಡಿದ ಗಲ್ಲ, ಕೈಯಲ್ಲಿ ಅದೇ ಚರ್ಮದ ಚೀಲ. ಫೋನಿನಲ್ಲಿ ಚೀಲ ತನ್ನಿ ಎಂದು ಯಾರೂ ಹೇಳಿರಲಿಲ್ಲ.

“ಶ್ರುತಿ ಕೆಟ್ಟಿದ್ಯಾ?” ಎಂದು ಬಾಗಿಲಲ್ಲೇ ಕೇಳಿದರು.

“ಇಲ್ಲ, ಕಳ್ಳತನದ ಕೇಸು. ಕೂತ್ಕೊಳ್ಳಿ” ಎಂದರು ಚಿಕ್ಕಮ್ಮ.

ವಿಷಯ ಹೇಳಿ ಮತ್ತೆ ನುಡಿಸಿದೆ. ಟ್ಯೂನರ್ ಮಾಮ ತಲೆ ಕೆರೆದುಕೊಂಡರು. ಹಾಡಿನ ಮಾತಿಗೂ ತಮಗೂ ಏನೂ ಸಂಬಂಧವಿಲ್ಲ ಎಂಬಂತೆ ಕೇಳುತ್ತಿದ್ದವರು, ಮೊದಲ ಸಾಲು ಬಂದಾಗಲೆಲ್ಲ ಯಾರೋ ಹೆಸರು ಹಿಡಿದು ಕೂಗಿದ ಹಾಗೆ ಕತ್ತೆತ್ತುತ್ತಿದ್ದರು.

“ಅಯ್ಯೋ, ಅದು ಸಂಗೀತ ಅಲ್ಲಮ್ಮ” ಎಂದರು. “ಥಂಡಿ ಹೊಡೆದ್ರೆ ಮೊದಲು ಹಾಳಾಗೋ ಕೀಗಳು ಕೆಲವಿರ್ತವೆ. ಕೆಲಸ ಮುಗಿದ್ಮೇಲೆ ಅವನ್ನ ಒಂದು ಸುತ್ತು ಮಾತಾಡಿಸಿ ಬರ್ತೀನಿ, ಸರಿಯಾಗಿ ನಿಂತಿದ್ದಾವಾ ಅಂತ. ನಮ್ಮ ಕಸುಬಲ್ಲಿ ಒಬ್ಬೊಬ್ಬರಿಗೆ ಒಂದೊಂದು ಇರತ್ತೆ. ನಂದು ಇದು.” ನನ್ನನ್ನು ಸ್ವಲ್ಪ ಸರಿಯಲು ಹೇಳಿ, ನಿಂತುಕೊಂಡೇ ಒಂದು ಬೆರಳಿನಲ್ಲಿ ಟಕಟಕ ಎಂದು ಬಾರಿಸಿದರು. ಆರು ಮೇಲೆ, ನಾಲ್ಕು ಕೆಳಗೆ. ತರಕಾರಿ ಹೆಚ್ಚಿದಷ್ಟು ಚುರುಕು.

“ಇಷ್ಟು ಗಡಿಬಿಡಿ ಯಾಕೆ?” ಎಂದು ಚಿಕ್ಕಮ್ಮ ಅವರನ್ನು ಪಕ್ಕಕ್ಕೆ ಸರಿಸಿ ತಾವು ನುಡಿಸಿದರು. ಅವೇ ಆರು, ಅವೇ ನಾಲ್ಕು. ಆದರೆ ಎಷ್ಟು ನಿಧಾನವೆಂದರೆ ಪ್ರತಿಯೊಂದು ಸ್ವರವೂ ಕೋಣೆಯೊಳಗೆ ಒಂದು ಸುತ್ತು ಹೋಗಿ ಬರುವಷ್ಟು ಸಮಯವಿತ್ತು. “ಹೀಗೆ ನುಡಿಸಿದ್ರೆ ಅಲ್ವಾ ಅದು ರಾಗ ಅನ್ನಿಸ್ಕೊಳ್ಳೋದು?”

“ಹೀಗೆ ನುಡಿಸ್ತಾ ಕೂತಿದ್ರೆ ನಾನು ದಿನಕ್ಕೆ ಮೂರು ಮನೆ ಮುಗಿಸೋದು ಯಾವಾಗ?”

“ಯಾರು ಅವಸರ ಮಾಡಿ ಅಂದಿದ್ರು ಇಲ್ಲಿ?” ಎಂದರು ಚಿಕ್ಕಮ್ಮ. ಟ್ಯೂನರ್ ಮಾಮ ಅಭ್ಯಾಸಬಲದಿಂದ ಕುಂಡಗಳನ್ನು ಕೆಳಗಿಟ್ಟು ಪಿಯಾನೊದ ಮುಚ್ಚಳ ಎತ್ತಿ ಒಳಗೆ ನೋಡತೊಡಗಿದರು. ಒಳಗಿನ ಮರದ ಮೇಲೆ ಪೆನ್ಸಿಲಿನಲ್ಲಿ ತಾರೀಕುಗಳ ಸಾಲು. ಪ್ರತಿ ಸಲ ಶ್ರುತಿ ಮಾಡಿದ ದಿನ ಬರೆದಿಡುವುದು ಅವರ ಪದ್ಧತಿ. ಪಿಯಾನೊ ಇರುವ ಮನೆಗಳಲ್ಲಿ ವರ್ಷಕ್ಕೊಂದು, ಹೆಚ್ಚೆಂದರೆ ಎರಡು ತಾರೀಕು ಇರುವುದು ವಾಡಿಕೆ. ಇಲ್ಲಿ ಎರಡು ತಿಂಗಳಿಗೊಂದು ಇತ್ತು. ನಾನು ಮೂಗು ತೂರಿಸಲಿಲ್ಲ.

“ಒಂದು ಮಾತು” ಎಂದು ಮಾಮ ಒಳಗಿನಿಂದಲೇ ಅಂದರು. “ನೀನು ನಡುವೆ ಒಂದು ಸ್ವರ ಹಿಂದಕ್ಕೆ ಹೋಗಿ ನಿಲ್ತೀಯಲ್ಲ, ಅದು ನಂದಲ್ಲ. ಒಂದ್ಸಲ ನೋಡಿ ಸರಿ ಇದೆ ಅಂದ್ಮೇಲೆ ಮತ್ಯಾಕೆ ಅದರ ಹತ್ರ ಹೋಗ್ಲಿ?”

“ನಂದೂ ಅಲ್ಲ” ಎಂದರು ಚಿಕ್ಕಮ್ಮ. “ನಾನು ಹಿಂದಕ್ಕೆ ಹೋಗೋಳೇ ಅಲ್ಲ. ಎಲ್ಲಿಂದ ಬಂತೇ ಅದು?”

ಒಂದೆರಡು ಸಲ ನುಡಿಸಿ ನೋಡಿಕೊಂಡೆ. ಗೊತ್ತಾಯಿತು. ಮೇಲಿನ ನೃತ್ಯ ಶಾಲೆಯಲ್ಲಿ ಚಿಕ್ಕ ಮಕ್ಕಳ ತರಗತಿಗೆ ನಾನು ಚಿಕ್ಕಮ್ಮನ ಈ ತುಣುಕನ್ನೇ ನುಡಿಸುತ್ತಿದ್ದೆ. ಮೇಲೇರುವಾಗ ಮಕ್ಕಳು ಹಾರಬೇಕು, ಇಳಿಯುವಾಗ ಬಾಗಬೇಕು. ಹಾರಿದವರೆಲ್ಲ ಒಂದೇ ಹೊತ್ತಿಗೆ ನೆಲಕ್ಕೆ ಬರುತ್ತಾರೆಯೇ? ಹಿಂದಿನ ಸಾಲಿನಲ್ಲಿ ಯಾವಾಗಲೂ ಒಂದು ಮಗು ತಡ. ಅದರ ಎರಡೂ ಪಾದ ಊರುವ ತನಕ ನಾನು ಒಂದು ಸ್ವರ ಹಿಂದಕ್ಕೆ ಹೋಗಿ, ಅದನ್ನೇ ಹಿಡಿದು, ಕತ್ತು ಹೊರಳಿಸಿ ನೋಡುತ್ತಾ ಕಾಯುತ್ತಿದ್ದೆ. ನಾಲ್ಕು ವರ್ಷ, ವಾರಕ್ಕೆ ಐದು ದಿನ. ಕೈಗೆ ಅಂಟಿಕೊಂಡುಬಿಟ್ಟಿತ್ತು. ಇದನ್ನು ಹೇಳಿದೆ.

ಚಿಕ್ಕಮ್ಮ ನನ್ನ ಮಣಿಕಟ್ಟನ್ನು ನೋಡುತ್ತಾ “ಹೂಂ” ಎಂದರು, ಅಷ್ಟೇ.

ಹೆಸರು ಹಾಕುವ ಮಾತು ಬಂದಾಗ ಚಿಕ್ಕಮ್ಮ, “ನಂಗೆ ಯಾವ ಹೆಸರೂ ಬೇಡ, ಈ ವಯಸ್ಸಲ್ಲಿ ಹೆಸರು ತಗೊಂಡು ಏನು ಉಪ್ಪಿನಕಾಯಿ ಹಾಕ್ಲಾ?” ಎಂದರು. ಎರಡು ನಿಮಿಷದ ಮೇಲೆ, “ಹಾಕೋದೇ ಆದ್ರೆ ಪೂರ್ತಿ ಹಾಕು, ಬರೀ ಚಿಕ್ಕಮ್ಮ ಅಂತ ಬರೀಬೇಡ” ಎಂದು ಸೇರಿಸಿದರು. ಟ್ಯೂನರ್ ಮಾಮ ಬೇಡವೇ ಬೇಡ ಎಂದು ಕೈಯಾಡಿಸಿಬಿಟ್ಟರು. ಅದು ಶ್ರುತಿ ನೋಡುವ ಕೆಲಸ, ಅದಕ್ಕೆಲ್ಲ ಯಾರಾದರೂ ಹೆಸರು ಹಾಕುತ್ತಾರೆಯೇ ಎಂದು. ಆದರೆ ಕಾಗದ ಅವರ ಮುಂದೆ ಬಂದಾಗ ಕನ್ನಡಕ ಹಾಕಿಕೊಂಡು ಆ ಖಾಲಿ ಗೆರೆಯನ್ನು ಬಹಳ ಹೊತ್ತು ನೋಡಿದರು. ಐವತ್ತು ವರ್ಷ ಅವರು ಬರೆದದ್ದೆಲ್ಲ ಮುಚ್ಚಳದ ಒಳಗೇ ಉಳಿದಿತ್ತು.

ಆದರೂ ಒಂದು ಮಾತು ಹೇಳಿಬಿಡುತ್ತೇನೆ. ವಾಪಸು ಬರುವಾಗ ಬಸ್ಸಿನಲ್ಲಿ ಕೂತು ನಾನು ಅತ್ತೆ. ಹನ್ನೊಂದರಲ್ಲಿ ಹತ್ತು ಟ್ಯೂನರ್ ಮಾಮನವು, ನಿಧಾನ ಚಿಕ್ಕಮ್ಮನದು, ನನ್ನದು ಒಂದು. ಅದೂ ಹೊಸ ಸ್ವರವಲ್ಲ, ನುಡಿಸಿದ್ದನ್ನೇ ಮತ್ತೆ ನುಡಿಸಿದ್ದು. ಒಬ್ಬಳೇ ಸಹಿ ಹಾಕಿದರೆ ಕೇಳುವವರು ಯಾರೂ ಇರಲಿಲ್ಲ. ಅವರಿಬ್ಬರೂ ಬೇಡ ಎಂದೇ ಅಂದಿದ್ದರು. ಮರುದಿನವೆಲ್ಲ ಆ ಆಸೆಯನ್ನು ಚಪ್ಪರಿಸಿಕೊಂಡೇ ಓಡಾಡಿದೆ. ಗುರುವಾರ ಸಂಜೆ ಒಂದೇ ಗೆರೆಯ ಮೇಲೆ ಇರುವೆ ಸಾಲಿನಂಥ ಅಕ್ಷರದಲ್ಲಿ ಮೂರು ಹೆಸರು ಬರೆದೆ. ಒಳ್ಳೆಯತನವೇನಲ್ಲ. ಟ್ಯೂನರ್ ಮಾಮ ಆ ಗೆರೆ ನೋಡಿದ ರೀತಿ ಕಣ್ಣಿಂದ ಹೋಗಲಿಲ್ಲ.

ಶುಕ್ರವಾರ ಅರೇಂಜರ್ ಕಾಗದ ನೋಡಿ ಟೋಪಿ ಹಿಂದಕ್ಕೆ ತಳ್ಳಿದ.

“ಏನಕ್ಕ ಇದು? ಹೆಸರಿನ ಜಾಗದಲ್ಲಿ ಮೆರವಣಿಗೆ ಹೊರಟಿದ್ಯಲ್ಲ!”

ನಡೆದದ್ದು ಹೇಳಿದೆ. ಅವನು ಹಣೆ ಚಚ್ಚಿಕೊಂಡ. “ಕಂಪನಿಯವರು ಒಪ್ಪಲ್ಲ. ಇನ್ನಿಬ್ಬರ ಸಹಿ, ಇನ್ನಿಬ್ಬರ ಕಾಗದ ಅಂತ ಒಂದು ತಿಂಗಳು ಹಿಡಿಯತ್ತೆ. ಅವರ ಹತ್ರ ಇನ್ನೊಂದು ಹಾಡು ರೆಡಿ ಇದೆ. ಇದರಲ್ಲಿ ಗೋಜಲು ಅಂತ ಗೊತ್ತಾದ್ರೆ ಇವತ್ತೇ ಅದನ್ನ ಹಾಡಿಸ್ತಾರೆ. ಸುಮ್ನೆ ಒಬ್ರೇ ಸಹಿ ಹಾಕಿ.”

“ಅದೊಂದು ಆಗಲ್ಲಪ್ಪ.”

“ಹಾಗಾದ್ರೆ ಸಾಲನ್ನೇ ಸ್ವಲ್ಪ ತಿರುಗಿಸೋಣ. ಕೊನೇ ನಾಲ್ಕು ಸ್ವರ ಅದಲು ಬದಲು ಮಾಡೋಣ. ನಡುವೆ ಹಿಂದಕ್ಕೆ ಹೋಗಿ ನಿಲ್ತೀರಲ್ಲ, ಅದನ್ನ ಕಿತ್ತು ಹಾಕಿ, ಹೇಗಿದ್ರೂ ಎಳೆದ ಹಾಗಾಗತ್ತೆ. ಆಗ ಅದು ಯಾರದೂ ಅಲ್ಲ, ಪೂರ್ತಿ ನಿಮ್ಮದೇ.”

ಹಾಡು ಪೂರ್ತಿ ನನ್ನದಾಗಬೇಕಾದರೆ ನನ್ನದಾಗಿದ್ದ ಒಂದೇ ಸ್ವರವನ್ನು ಕಿತ್ತು ಹಾಕಬೇಕು. ನಗಬೇಕಾಗಿತ್ತು. ನಗಲಿಲ್ಲ, “ಆಯ್ತು, ನೋಡೋಣ” ಎಂದೆ. ಹೇಳಲು ನಾಚಿಕೆಯಾಗುತ್ತದೆ, ಆದರೆ ಎಂದದ್ದು ನಿಜ. ಹಾಡು ಕೈತಪ್ಪುತ್ತದೆ ಎಂಬ ಹೆದರಿಕೆಗೆ ಬಾಯಿ ತಾನಾಗಿ ಒಪ್ಪಿಕೊಂಡಿತು.

ಹತ್ತೂವರೆಗೆ ಅಮ್ಮ ಬಂದರು. ಫೋಟೊಗಳಲ್ಲಿ ಕಾಣುವುದಕ್ಕಿಂತ ಪುಟ್ಟ ಜೀವ. ಎತ್ತರದ ಸ್ಟೂಲಿನ ಮೇಲೆ ಕೂತು, ಬಿಸಿನೀರು ಗುಟುಕರಿಸಿ, ಹೆಡ್‌ಫೋನ್ ಹಾಕಿಕೊಂಡರು. ಅವರು ಗಾಜಿನ ಆಚೆ, ನಾನು ಈಚೆ ಕೀಬೋರ್ಡಿನ ಮುಂದೆ. ಅವರಿಗೆ ಉಸಿರು ಮೊದಲಿನಷ್ಟು ನಿಲ್ಲುವುದಿಲ್ಲ ಎಂದು ಎಲ್ಲರಿಗೂ ಗೊತ್ತು, ಯಾರೂ ಆ ಮಾತೆತ್ತುವುದಿಲ್ಲ. ಒಂದು ಸಲ ಸುಮ್ಮನೆ ಹಾಡಿ ನೋಡೋಣ ಎಂದ ಅರೇಂಜರ್. ನಾನು ಹೊಸ ರೀತಿಯಲ್ಲಿ, ನಡುವೆ ನಿಲ್ಲದೆ ನುಡಿಸಿದೆ. ‘ಬಾಗಿಲು ಹಾಕಿ ಬಾ’ ಎಂದು ಅವರ ದನಿ ಮೇಲೇರಿತು. ಹಾಗೇ ‘ನಾನಿರುವೆ’ಗೆ ಹೋದವರು ನಡುವಿನಲ್ಲಿ ದನಿ ಸೋತು ಕೆಮ್ಮತೊಡಗಿದರು.

ಎಲ್ಲರೂ ನೆಲ ನೋಡಿದೆವು. ಅವರು ನೀರು ಕುಡಿದು, ಹೆಡ್‌ಫೋನ್ ಒಂದು ಕಿವಿಯಿಂದ ಸರಿಸಿ ಕೇಳಿದರು: “ಇಲ್ಲೊಂದು ಜಾಗ ಇತ್ತಲ್ಲ, ಎಲ್ಲಿ ಹೋಯ್ತು?”

“ಸಣ್ಣ ಬದಲಾವಣೆ ಅಮ್ಮ” ಎಂದು ಅರೇಂಜರ್ ಮೈಕಿನ ಗುಂಡಿ ಒತ್ತಿ ಹೇಳಿದ. “ಆ ಸಾಲು ಮೂರು ಜನರದ್ದಂತೆ. ಕಾಗದದ ತೊಂದರೆ ಆಗತ್ತೆ ಅಂತ…”

“ಮೂರು ಜನರದ್ದೋ ಮುನ್ನೂರು ಜನರದ್ದೋ, ನನಗ್ಯಾಕಪ್ಪ? ಹದಿನಾಲ್ಕು ಹಾಡು ಕೇಳಿದೆ ನಾನು. ಹದಿಮೂರೂ ಇಪ್ಪತ್ತು ವರ್ಷದ ಹಿಂದೆ ಹಾಡ್ತಿದ್ದೋಳಿಗೆ ಬರೆದಿದ್ದು. ಇದೊಂದರಲ್ಲಿ, ನಾನು ಉಸಿರು ತಗೊಂಡು ಬರೋ ತನಕ ಯಾರೋ ನಿಂತಿದ್ರು. ಅದಕ್ಕೇ ಇದನ್ನ ಆರಿಸಿದ್ದು.” ಗಾಜಿನ ಆಚೆಯಿಂದ ನೇರವಾಗಿ ನನ್ನ ಕಡೆ ನೋಡಿದರು. “ಆ ಮೂರು ಜನರಲ್ಲಿ ಅಲ್ಲಿ ನಿಂತೋರು ಯಾರು?”

ನಾನು ಬಾಗಿ ಮೈಕಿನ ಗುಂಡಿ ಒತ್ತಿದೆ.

“ನಾನು” ಎಂದೆ. “ಅದು ನಂದು.”

“ಮತ್ತೆ ಅದನ್ನ ವಾಪಸ್ ಹಾಕಿ ತಾಯಿ. ಕಾಗದ ನನಗೆ ಬಿಡಿ. ನನಗೋಸ್ಕರ ಒಂದು ವರ್ಷ ಕಾದಿದ್ದಾರೆ ಕಂಪನಿಯವರು, ಇನ್ನೊಂದು ತಿಂಗಳು ಕಾದ್ರೆ ಸವೆದು ಹೋಗಲ್ಲ.”

ಅರೇಂಜರ್ ನನ್ನನ್ನು ನೋಡಿದ, ಟೋಪಿ ತೆಗೆದು ಮೇಜಿನ ಮೇಲಿಟ್ಟ. ತಲೆ ಮೇಲೆ ಕೂದಲು ಚೆನ್ನಾಗಿಯೇ ಇತ್ತು. ನಾನು ಟ್ಯೂನರ್ ಮಾಮನ ಸ್ವರಗಳನ್ನು ಚಿಕ್ಕಮ್ಮನ ನಿಧಾನದಲ್ಲಿ ಹಿಡಿದು ಮೇಲೇರಿದೆ. ಅಮ್ಮ ‘ಬಾಗಿಲು ಹಾಕಿ ಬಾ’ ಎಂದು ಹಾಡಿ ನಿಲ್ಲಿಸಿದರು. ಒಂದು ಸ್ವರ ಹಿಂದಕ್ಕೆ ಬಂದು ಕೀ ಒತ್ತಿ ಹಿಡಿದು ಗಾಜಿನತ್ತ ನೋಡಿದೆ. ಅವರ ಭುಜಗಳು ಮೆಲ್ಲಗೆ ಮೇಲೇಳುತ್ತಿದ್ದವು. ಅವು ಪೂರ್ತಿ ಎದ್ದು, ಅವರು ಬಾಯಿ ತೆರೆಯುವ ತನಕ ನಾನು ಬೆರಳು ತೆಗೆಯಲಿಲ್ಲ.